ನಿವೃತ್ತರ ಕಟ್ಟೆ: ನಿಮ್ಮ ದಾರಿ ಕಾಯುವವರು ಯಾರು?

ಈ ಸಲ ಬಂದ ಪತ್ರಗಳು ಹೆಚ್ಚುಕಡಿಮೆ ಒಂದೇ ದೂರನ್ನು ಹೊತ್ತು ತಂದಿವೆ: ಪಿಂಚಣಿ ಬರುತ್ತಿದೆ, ಹೊತ್ತು ಹೋಗುತ್ತಿಲ್ಲ. ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ, ಹೆಸರು ತೆಗೆದಿದ್ದೇನೆ. ಹೊಸ ಓದುಗರಿಗೆ ನನ್ನ ಪರಿಚಯ ಇಷ್ಟೇ: ಕಲಬುರಗಿಯ ಖಜಾನೆಯಲ್ಲಿ ಪಿಂಚಣಿ ಕಡತಗಳ ನಡುವೆ ನೌಕರಿ ಮುಗಿಸಿ, ಈಗ ಬ್ರಹ್ಮಪುರದ ಮನೆಯಲ್ಲಿ ಕುಳಿತು ನಿಮ್ಮ ಪತ್ರ ಓದುವವಳು. ವೇದಾಂತ ಬರುವುದಿಲ್ಲ. ಕಂಡದ್ದನ್ನು ಹೇಳುತ್ತೇನೆ.

ಪ್ರಶ್ನೆ: ಅಕ್ಕನವರೇ, ಬೆಂಗಳೂರಿನಲ್ಲಿರುವ ಮಗಳು ಚಂದದ ಡೈರಿಯೊಂದನ್ನು ಕಳುಹಿಸಿದ್ದಾಳೆ. ರಾತ್ರಿ ಮಲಗುವ ಮುಂಚೆ ಕೃತಜ್ಞತೆ ಹೇಳಬೇಕಾದ ಮೂರು ಸಂಗತಿಗಳನ್ನು ಅದರಲ್ಲಿ ಬರೆಯಬೇಕಂತೆ, ಮನಸ್ಸು ಹಗುರವಾಗುತ್ತದಂತೆ. ಕೆಲವು ದಿನ ಬರೆದೆ. ‘ನಳದ ನೀರು ಬಂತು, ಕರೆಂಟ್ ಹೋಗಲಿಲ್ಲ, ಚಹಾ ಚೆನ್ನಾಗಿತ್ತು.’ ಮರುದಿನವೂ ಅದೇ. ಈಗ ಡೈರಿ ಕಂಡರೆ ಬೇಸರ. ನನ್ನಲ್ಲಿ ಕೃತಜ್ಞತೆಯೇ ಇಲ್ಲವೇ?
— ನಿವೃತ್ತ ಗಣಿತ ಶಿಕ್ಷಕ, ಕಲಬುರಗಿ

ಉತ್ತರ: ಮೇ ತಿಂಗಳ ಕಲಬುರಗಿಯಲ್ಲಿ ನಳದಲ್ಲಿ ನೀರು ಬಂದು, ಮೇಲೆ ಫ್ಯಾನೂ ತಿರುಗುತ್ತಿದ್ದರೆ ಅದು ಬರೆದಿಡಬೇಕಾದ ಸಂಗತಿಯೇ, ಮಾಸ್ತರರೇ. ನಿಮ್ಮಲ್ಲಿ ಕೊರತೆಯೇನೂ ಇಲ್ಲ. ಆದರೆ ನೀವು ಬರೆದ ಪಟ್ಟಿಯಲ್ಲಿ ಒಬ್ಬ ಮನುಷ್ಯನೂ ಇಲ್ಲವಲ್ಲ! ಚಹಾ ತಾನಾಗಿ ಕುದಿಯಿತೇ?

ಮೂರು ಸಂಗತಿಗಳ ಬದಲು ಮೂರು ಹೆಸರು ಬರೆಯಿರಿ. ನಮ್ಮ ವಯಸ್ಸಿನವರಲ್ಲಿ ಎಷ್ಟೋ ಜನ ಹಳ್ಳಿಯಿಂದ ಬಂದು ಯಾವುದೋ ಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದವರು. ಅಲ್ಲಿ ರೊಟ್ಟಿ ಬಡಿದವರು ಯಾರು, ಫೀಸು ಕಟ್ಟದಿದ್ದರೂ ಪರೀಕ್ಷೆಗೆ ಕೂರಿಸಿದ ಹೆಡ್ ಮಾಸ್ತರ ಯಾರು, ನಿಮಗೆ ಟೈಫಾಯ್ಡ್ ಬಂದಾಗ ನಿಮ್ಮ ತರಗತಿಗಳನ್ನೂ ತೆಗೆದುಕೊಂಡ ಸಹೋದ್ಯೋಗಿ ಯಾರು? ಬದುಕಿದ್ದರೆ ಹೋಗಿ ಕಾಣಿರಿ. ಇಲ್ಲದಿದ್ದರೆ ಅವರ ಮಕ್ಕಳಿಗೆ ಹೇಳಿರಿ, ಅವರಿಗೆ ಅದು ಗೊತ್ತೇ ಇರಲಿಕ್ಕಿಲ್ಲ. ಅರಳಗುಂಡಗಿಯಲ್ಲಿ ಒಕ್ಕಲುತನ ಮಾಡುತ್ತಲೇ ದಾಸೋಹ ನಡೆಸಿದ ಶರಣಬಸವೇಶ್ವರರ ಊರಿದು. ಈ ಊರಿನಲ್ಲಿ ಉಂಡ ಅನ್ನದ ಋಣವನ್ನು ಡೈರಿಗೆ ಹೇಳಿ ತೀರಿಸಲು ಆಗುವುದಿಲ್ಲ.

ಇನ್ನೊಂದು ಮಾತು. ನೀವು ಗಣಿತದ ಮಾಸ್ತರರು. ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ 2024ರಲ್ಲಿ ಯಾದಗಿರಿ ರಾಜ್ಯದಲ್ಲೇ ಕೊನೆಯ ಸ್ಥಾನದಲ್ಲಿತ್ತು, 2025ರಲ್ಲಿ ಆ ಸ್ಥಾನ ನಮ್ಮ ಕಲಬುರಗಿಗೆ ಬಂತು. ಮೂರು ಹುಡುಗರನ್ನು ಹಿಡಿಯಿರಿ, ಮೂವತ್ತು ಬೇಡ. ನಾಪಾಸಾಗಿ ಮನೆಯಲ್ಲಿ ಕುಳಿತವರೇ ಆಗಲಿ. ಸಂಜೆ ಆರಕ್ಕೆ ಅವರು ನಿಮ್ಮ ಅಂಗಳದಲ್ಲಿ ಇರಬೇಕು, ನೀವೂ ಇರಬೇಕು. ಡೈರಿಯಲ್ಲಿ ಅವರ ಹಾಜರಿ ಹಾಕಿರಿ. ಮಗಳು ಕೇಳಿದರೆ ದಿನಾಲೂ ಬರೆಯುತ್ತಿದ್ದೇನೆ ಎಂದು ಧೈರ್ಯವಾಗಿ ಹೇಳಬಹುದು.

ಪ್ರಶ್ನೆ: ಭೂಮಾಪನ ಇಲಾಖೆಯಲ್ಲಿ ಸರ್ವೆಯರ್ ಆಗಿದ್ದೆ. ನಿವೃತ್ತನಾಗಿ ಅರ್ಧ ವರ್ಷ ಕಳೆಯಿತು. ಬೆಳಿಗ್ಗೆ ಐದಕ್ಕೆ ಎಚ್ಚರವಾಗುತ್ತದೆ, ಎದ್ದು ಮಾಡುವುದೇನು ಎಂದು ಮತ್ತೆ ಮಲಗುತ್ತೇನೆ. ಅಡುಗೆಮನೆಯ ಡಬ್ಬಿಗಳಿಗೆಲ್ಲ ನಂಬರ್ ಹಾಕಿ ಪಟ್ಟಿ ಅಂಟಿಸಿದೆ. ಮನೆಯಾಕೆ ಎರಡು ದಿನ ಮಾತು ಬಿಟ್ಟಳು. ಯೋಗಕ್ಕೆ ಹೋದೆ, ವಾಟ್ಸ್‌ಆ್ಯಪ್ ಗುಂಪು ಸೇರಿದೆ, ಯಾವುದೂ ಹಿಡಿಸಲಿಲ್ಲ. ಊರೂರಿಗೆ ಗಡಿ ಹಾಕಿಕೊಟ್ಟವನಿಗೆ ಈಗ ತನ್ನ ದಿನದ ಗಡಿಯೇ ತಿಳಿಯುತ್ತಿಲ್ಲ. ಏನು ಮಾಡಲಿ?
— ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಅಣ್ಣನವರೇ, ಮೊದಲು ಆ ಪಟ್ಟಿಗಳನ್ನು ಕಿತ್ತು ಹಾಕಿರಿ. ಆ ಜಮೀನು ನಿಮ್ಮದಲ್ಲ, ದಶಕಗಳಿಂದ ಅನುಭವದಲ್ಲಿರುವುದು ಬೇರೆಯವರ ಹೆಸರಿನಲ್ಲಿ.

ನಿಮಗೆ ಖಜಾನೆಯ ಕಿಟಕಿಯಿಂದ ಕಂಡದ್ದನ್ನು ಹೇಳುತ್ತೇನೆ. ನವೆಂಬರ್ ಬಂತೆಂದರೆ ಜೀವಂತ ಪ್ರಮಾಣಪತ್ರಕ್ಕೆ ಸಾಲು. ಈಗ ಮೊಬೈಲಿಗೆ ಮುಖ ತೋರಿಸಿದರೂ ನಡೆಯುತ್ತದೆ, ಆಗ ಖುದ್ದು ಬರಬೇಕಿತ್ತು. ಒಬ್ಬ ನಿವೃತ್ತ ಡ್ರೈವರ್ ಬರುತ್ತಿದ್ದರು. ಸಣ್ಣ ಪಿಂಚಣಿ, ಸವೆದ ಚಪ್ಪಲಿ. ‘ಬಾಯಿಯವರೇ, ಬೇಗ ಸಹಿ ಮಾಡಿಸಿಕೊಳ್ಳಿ, ಹನ್ನೊಂದಕ್ಕೆ ಹುಡುಗರು ತಬಲಾ ಕಲಿಯಲು ಬರುತ್ತಾರೆ’ ಎಂದು ಅವಸರ ಮಾಡುತ್ತಿದ್ದರು. ದೊಡ್ಡ ಹುದ್ದೆಯಲ್ಲಿದ್ದ ಇನ್ನೊಬ್ಬರು ತಮ್ಮ ಕೆಲಸ ಮುಗಿದ ಮೇಲೂ ಹೊರಗಿನ ಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಕುಳಿತಿರುತ್ತಿದ್ದರು. ಬಂದವರಿಗೆಲ್ಲ ಫಾರಂ ತುಂಬುವುದು ಹೇಗೆಂದು ಕೇಳದಿದ್ದರೂ ಹೇಳುತ್ತಿದ್ದರು. ಇಬ್ಬರ ಆರೋಗ್ಯವೂ ಒಂದೇ ತರಹ, ಪಿಂಚಣಿ ಎರಡನೆಯವರದೇ ಎಷ್ಟೋ ಹೆಚ್ಚು. ವ್ಯತ್ಯಾಸವೆಂದರೆ ಡ್ರೈವರ್ ತಡ ಮಾಡಿದರೆ ಎಲ್ಲೋ ನಾಲ್ಕು ಹುಡುಗರು ಬಾಗಿಲಲ್ಲಿ ನಿಂತು ದಾರಿ ನೋಡುತ್ತಿದ್ದರು. ಹವ್ಯಾಸ ಬೆಳೆಸಿಕೊಳ್ಳಿ ಎಂದು ಎಲ್ಲರೂ ಹೇಳುತ್ತಾರೆ. ನೀವು ಹೋಗದಿದ್ದರೂ ಯಾರಿಗೂ ತೊಂದರೆಯಾಗದ ಹವ್ಯಾಸ ಬಹಳ ದಿನ ಬಾಳುವುದಿಲ್ಲ. ನಿಮ್ಮ ಯೋಗದ ತರಗತಿ ಕೈಬಿಟ್ಟದ್ದು ಅದಕ್ಕೇ.

ನಿಮಗಾಗಿ ಒಂದು ಕೆಲಸ ಯೋಚಿಸಿದ್ದೇನೆ. ಅದನ್ನು ಮಾಡಬಲ್ಲವರು ನಿಮ್ಮ ತಾಲ್ಲೂಕಿನಲ್ಲಿ ಹೆಚ್ಚು ಜನ ಇರಲಾರರು. ಸರ್ಕಾರದ ನಕ್ಷೆಯಲ್ಲಿ ಹೊಲಕ್ಕೆ ಸರ್ವೆ ನಂಬರ್ ಇರುತ್ತದೆ. ಊರವರ ಬಾಯಲ್ಲಿ ಅದೇ ಹೊಲಕ್ಕೆ ಹೆಸರಿರುತ್ತದೆ: ಹುಣಸೆಮರದ ಹೊಲ, ಗೌಡರ ಬಾವಿಯ ಹೊಲ, ಹಳ್ಳದ ದಂಡೆಯ ಎರೆ (ಕಪ್ಪು ಮಣ್ಣು), ಗುಡ್ಡದ ಕೆಳಗಿನ ಮಸಾರಿ (ಕೆಂಪು ಮಣ್ಣು). ನಿಮ್ಮ ಸೀಮೆಗೆ ನಾರಾಯಣಪುರದ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಜೋಳ ಬೆಳೆಯುತ್ತಿದ್ದ ಎಷ್ಟೋ ನೆಲದಲ್ಲಿ ಭತ್ತ ನಿಂತಿದೆ. ಹುಣಸೆಮರ ಹೋಗಿದೆ, ಬಾವಿ ಮುಚ್ಚಿದೆ, ಹೆಸರು ಮಾತ್ರ ಎಪ್ಪತ್ತು ದಾಟಿದವರ ನೆನಪಿನಲ್ಲಿ ಉಳಿದಿದೆ. ಅವರ ಮೊಮ್ಮಕ್ಕಳು ಪುಣೆಯಲ್ಲೋ ಹೈದರಾಬಾದಿನಲ್ಲೋ ದುಡಿಯುತ್ತಿದ್ದಾರೆ. ಅವರಿಗೆ ಪಹಣಿಯ ನಂಬರ್ ಸಹ ಗೊತ್ತಿಲ್ಲ.

ಒಂದೇ ಒಂದು ಊರನ್ನು ಆರಿಸಿಕೊಳ್ಳಿ. ನಿಮ್ಮ ತಾಯಿಯ ತವರೂರಾದರೆ ಒಳ್ಳೆಯದು, ಚಹಾಕ್ಕೆ ಕೊರತೆಯಾಗದು. ಗ್ರಾಮನಕ್ಷೆಯನ್ನು ದೊಡ್ಡ ಹಾಳೆಗೆ ಇಳಿಸಿ, ಪ್ರತಿ ಹೊಲದ ಮೇಲೆ ಜನ ಕರೆಯುವ ಹೆಸರು ಬರೆಯುತ್ತ ಹೋಗಿರಿ. ಮುಚ್ಚಿದ ಬಾವಿ, ಒಣಗಿದ ಹಳ್ಳ, ಬಂಡಿದಾರಿ, ಸಣ್ಣಪುಟ್ಟ ಗುಡಿ, ದರ್ಗಾ, ಎಲ್ಲವೂ ಬರಲಿ. ಎರೆಗೆ ಒಂದು ಬಣ್ಣ, ಮಸಾರಿಗೆ ಒಂದು ಬಣ್ಣ. ಬಣ್ಣ ಹಾಕುವುದು ಮಕ್ಕಳ ಆಟ ಎಂದು ನೀವು ಮೂಗು ಮುರಿಯಬಾರದು. ನಿಮ್ಮ ಪಕ್ಕದ ಸುರಪುರದಲ್ಲಿ ನಾಯಕ ಅರಸರ ಆಶ್ರಯದಲ್ಲಿ ಚಿತ್ರಕಾರರು ಕೂದಲೆಳೆಯಂಥ ಗೆರೆಯಲ್ಲಿ ಚಿತ್ರ ಬರೆದರು, ಬಂಗಾರದ ಬಣ್ಣ ತುಂಬಿದರು. ಕೈ ನಡುಗದೆ ಗೆರೆ ಎಳೆಯುವುದು ನಿಮಗೂ ಬರುವ ವಿದ್ಯೆಯೇ. ಇಷ್ಟು ವರ್ಷ ಅದನ್ನು ಜಗಳ ಬಿಡಿಸಲು ಬಳಸಿದಿರಿ.

ಗಡುವು ಬೇಕಲ್ಲ? ಎಳ್ಳ ಅಮಾವಾಸ್ಯೆ ಇದೆ. ಅಂದು ದೂರದೂರಿನಲ್ಲಿದ್ದವರೂ ಸಜ್ಜೆ ರೊಟ್ಟಿ, ಭಜ್ಜಿ, ಕಡಬು ಕಟ್ಟಿಕೊಂಡು ಹೊಲಕ್ಕೆ ಬರುತ್ತಾರೆ, ಎಡೆಯನ್ನು ಹೊಲದ ತುಂಬ ಎರಚಿ ಚರಗ ಚೆಲ್ಲುತ್ತಾರೆ. ವರ್ಷದಲ್ಲಿ ಮುದುಕರು, ಮಕ್ಕಳು, ಅಳಿಯಂದಿರು ಒಟ್ಟಿಗೆ ಬದುವಿನ ಮೇಲೆ ಕೂರುವುದು ಆ ದಿನವೇ. ಅಷ್ಟರೊಳಗೆ ಅರ್ಧ ನಕ್ಷೆ ಸಿದ್ಧವಾಗಿರಲಿ. ಅದನ್ನು ಹಿಡಿದು ಹೊಲದಿಂದ ಹೊಲಕ್ಕೆ ನಡೆಯಿರಿ, ತಪ್ಪಿದ್ದನ್ನು ಅವರೇ ತಿದ್ದುತ್ತಾರೆ. ಊಟವೂ ಆಗುತ್ತದೆ. ಮುಗಿದ ಮೇಲೆ ಒಂದು ಪ್ರತಿಯನ್ನು ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ, ಈಗ ಅರಿವು ಕೇಂದ್ರ ಎನ್ನುತ್ತಾರಲ್ಲ, ಅಲ್ಲಿಗೆ ಕೊಡಿರಿ. ಇನ್ನೊಂದು ಶಾಲೆಗೆ. ಶಾಲೆಗೆ ಹೋದಾಗ 33 ಅಡಿಯ ಸರಪಳಿಯನ್ನು ಅಂಗಳದಲ್ಲಿ ಎಳೆದು ತೋರಿಸಿರಿ. ಉದ್ದ ಒಂದು ಸರಪಳಿ, ಅಗಲ ಒಂದು ಸರಪಳಿ, 1089 ಚದರ ಅಡಿ, ಅದೇ ಒಂದು ಗುಂಟೆ, ಅಂಥವು 40 ಕೂಡಿದರೆ ಎಕರೆ. ತಂದೆಯ ಹೊಲ ಎಷ್ಟು ಗುಂಟೆ ಎಂದು ಗೊತ್ತಿರುವ ಹುಡುಗನಿಗೆ ಗುಂಟೆ ಎಂದರೆ ಎಷ್ಟು ಜಾಗ ಎಂಬುದು ಕಣ್ಣಿಗೆ ಕಂಡಿರುವುದಿಲ್ಲ.

ಒಂದು ಎಚ್ಚರ. ನಕ್ಷೆಯ ಕೆಳಗೆ ದಪ್ಪ ಅಕ್ಷರದಲ್ಲಿ ‘ಇದು ಹೆಸರುಗಳ ನಕ್ಷೆ, ಹದ್ದುಬಸ್ತಿಗೆ (ಗಡಿ ಗುರುತಿಸಲು) ಆಧಾರವಲ್ಲ’ ಎಂದು ಬರೆಯಿರಿ. ಬದು ಒತ್ತಿದ ದಾಯಾದಿಗಳು ಅದನ್ನೇ ಹಿಡಿದು ಕೋರ್ಟಿಗೆ ಹೋದಾರು, ನಿಮ್ಮನ್ನು ಸಾಕ್ಷಿಗೆ ಎಳೆದಾರು.

ಪ್ರಶ್ನೆ: ಅಕ್ಕ, ನಮ್ಮ ಯಜಮಾನರು ನಿವೃತ್ತರಾದರು, ಹಾರ ಹಾಕಿದರು, ಶಾಲು ಹೊದಿಸಿದರು. ನಾನು ಮದುವೆಯಾದಾಗಿನಿಂದ ರೊಟ್ಟಿ ಬಡಿಯುತ್ತಿದ್ದೇನೆ. ಈಗ ಅವರು ಇಡೀ ದಿನ ಮನೆಯಲ್ಲಿರುವುದರಿಂದ ಚಹಾ ಮೊದಲಿಗಿಂತ ಹೆಚ್ಚು. ನನಗೆ ಕೌದಿ ಹೊಲಿಯುವ ಆಸೆ. ಟ್ರಂಕಿನ ತುಂಬ ಹಳೆಯ ಸೀರೆಗಳಿವೆ. ಕೂರಲು ಹೊತ್ತೇ ಸಿಗದು. ನನ್ನ ನಿವೃತ್ತಿ ಯಾವಾಗ?
— ಗೃಹಿಣಿ, ಸೇಡಂ

ಉತ್ತರ: ತಂಗಿ, ಈ ಉತ್ತರವನ್ನು ಮೊದಲು ಯಜಮಾನರಿಗೆ ಓದಲು ಕೊಡು.

ಯಜಮಾನರೇ, ರಾಜ್ಯ ಸರ್ಕಾರ ನಿಮ್ಮನ್ನು 60ಕ್ಕೆ ಮನೆಗೆ ಕಳುಹಿಸಿತು. ಕಳುಹಿಸಿದ ಮನೆಯಲ್ಲಿ ಒಬ್ಬರು ಇನ್ನೂ ಡ್ಯೂಟಿಯಲ್ಲಿದ್ದಾರೆ. ಸಂಜೆಯ ಅಡುಗೆ ಇನ್ನು ನಿಮ್ಮದು. ಸಹಾಯ ಮಾಡುವುದಲ್ಲ, ಪೂರ್ತಿ ಚಾರ್ಜ್ ತೆಗೆದುಕೊಳ್ಳುವುದು: ಬೇಳೆ ತರುವುದರಿಂದ ಹಿಡಿದು ಪಾತ್ರೆ ಬೋರಲು ಹಾಕುವವರೆಗೆ. ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದ ತೊಗರಿಯ ನಾಡಿನಲ್ಲಿದ್ದೀರಿ, ಬೇಳೆ ಕುದಿಸಲು ಬರುವುದಿಲ್ಲ ಎಂದರೆ ನಾಚಿಕೆ. ರೊಟ್ಟಿ ಬಾರದಿದ್ದರೆ ಕಟಕ್ ರೊಟ್ಟಿ ಕೊಂಡು ತನ್ನಿರಿ. ಪುಂಡಿಪಲ್ಯ ಎರಡನೆಯ ವಾರಕ್ಕೆ ಇರಲಿ.

ಇನ್ನು ನೀನು, ತಂಗಿ. ಸಂಜೆ ಅಡುಗೆಮನೆಯ ಕಡೆ ತಿರುಗಿ ನೋಡಬೇಡ. ಉಪ್ಪು ಹೆಚ್ಚಾದರೂ ಮಾತಾಡಬೇಡ. ಕೌದಿಯನ್ನು ಯಾರಿಗಾಗಿ ಹೊಲಿಯುತ್ತೀಯೆಂದು ಮೊದಲು ಗೊತ್ತುಮಾಡಿಕೋ. ಓಣಿಯಲ್ಲಿ ಬಸುರಿ ಹೆಣ್ಣುಮಗಳು ಇದ್ದೇ ಇರುತ್ತಾಳೆ. ತೊಟ್ಟಿಲಿನ ಚಿಕ್ಕ ಕೌದಿಯಿಂದ ಶುರು ಮಾಡಿದರೆ ಮಗು ಬರುವ ಹೊತ್ತಿಗೆ ಮುಗಿಸಲೇಬೇಕಾಗುತ್ತದೆ. ದೊಡ್ಡದನ್ನು ಒಬ್ಬಳೇ ಹೊಲಿಯಬೇಡ. ಕೌದಿ ಎಂದರೆ ಮೊದಲಿನಿಂದಲೂ ನಾಲ್ಕು ಮೂಲೆಗೆ ನಾಲ್ವರು ಕೂತು ಮಾತಾಡುತ್ತ ಎಳೆಯುವ ಕೆಲಸ. 2023ರ ಜೂನ್ 11ರಿಂದ ಸರ್ಕಾರದ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಹಣ ಇಲ್ಲ. ಮಳಖೇಡದಲ್ಲೋ ಚಿತ್ತಾಪುರದಲ್ಲೋ ಇರುವ ನಿನ್ನ ತಂಗಿ, ನಾದಿನಿಯರನ್ನು ವಾರಕ್ಕೊಮ್ಮೆ ಕರೆಸಿಕೋ. ಅಂದು ಚಹಾ ಮಾಡುವುದು ಯಾರೆಂದು ಮೇಲೆ ಹೇಳಿದ್ದೇನೆ.

ಪ್ರಶ್ನೆ: ಬ್ಯಾಂಕಿನಿಂದ ಸ್ವಯಂ ನಿವೃತ್ತಿ ಪಡೆದೆ. ಬೀದರಿನಲ್ಲೇ ಹುಟ್ಟಿ ಬೆಳೆದರೂ ಬಿದರಿ ಕೆಲಸವನ್ನು ಅಂಗಡಿಯ ಗಾಜಿನಾಚೆಯಿಂದ ಮಾತ್ರ ನೋಡಿದವಳು. ಈಗ ಕಲಿಯುವ ಹಂಬಲ. ‘ಈ ವಯಸ್ಸಿನಲ್ಲಿ ಸುತ್ತಿಗೆ ಹಿಡಿಯುತ್ತೀಯಾ’ ಎಂದು ಮಗ ನಗುತ್ತಾನೆ. ತಡವಾಯಿತೇ?
— ಬೀದರ್

ಉತ್ತರ: ತಜ್ಞಳಾಗಲು ತಡವಾಯಿತು, ಮೇಡಂ. ಕಲಿಯಲು ಆಗಿಲ್ಲ. ಇವೆರಡನ್ನೂ ಬೇರೆ ಮಾಡಿ ನೋಡಿದರೆ ಅರ್ಧ ಚಿಂತೆ ಕಡಿಮೆಯಾಗುತ್ತದೆ.

ಬಿದರಿ ಒಂದೇ ಕೆಲಸವಲ್ಲ, ಹಲವು ಕೈಗಳ ಕೆಲಸ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುವವರು ಬೇರೆ. ಎರಕದ ಪಾತ್ರೆಯನ್ನು ಉಜ್ಜಿ ನುಣುಪು ಮಾಡಿ, ಮೈಲುತುತ್ತದ ನೀರು ಸವರಿ ಮೈ ಕಪ್ಪಾಗಿಸುತ್ತಾರೆ, ಗೀಚಿದ ಗೆರೆ ಕಾಣಲೆಂದು. ಅದರ ಮೇಲೆ ಚಿತ್ತಾರ ಬರೆಯುವವರು, ಉಳಿಯಿಂದ ಕೊರೆಯುವವರು, ಕೊರೆದ ಸಂದಿಗೆ ಬೆಳ್ಳಿ ತಂತಿ ಕೂರಿಸಿ ತಟ್ಟುವವರು. ಕೊನೆಗೆ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಕೂಡಿಸಿ ಬಿಸಿಮಾಡಿ ತಿಕ್ಕಿದಾಗ ಸತುವಿನ ಮೈ ಕಾಯಂ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಎರಕದ ಬೆಂಕಿಯ ಹತ್ತಿರ ನೀವು ಹೋಗುವುದು ಬೇಡ. ಚಿತ್ತಾರ ಬರೆಯುವ ಹಂತದಲ್ಲಿ ಕೂತುಕೊಳ್ಳಿ. ಬಳ್ಳಿ, ಗಸಗಸೆ ಹೂವು, ಅಶ್ರಫಿ ಬೂಟಿ ಇವುಗಳನ್ನು ಮೊದಲು ಕಾಗದದ ಮೇಲೆ ಕೈಗೆ ಹತ್ತಿಸಿಕೊಳ್ಳಿ. ರಂಗೀನ್ ಮಹಲಿನ ಕಪ್ಪು ಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪಿನ ಕೆಲಸ, 1472ರಲ್ಲಿ ಕಟ್ಟಿದ ಮಹಮೂದ್ ಗವಾನನ ಮದರಸಾದ ಗೋಡೆಯಲ್ಲಿ ಉಳಿದ ಬಣ್ಣದ ಹೆಂಚುಗಳು, ಇವೆಲ್ಲ ನಿಮ್ಮ ಊರಿನಲ್ಲೇ ಇವೆ. ಪೆನ್ಸಿಲು ಹಿಡಿದು ಹೋಗಿರಿ, ಫೋಟೊ ತೆಗೆದುಕೊಂಡು ಓಡಿ ಬರಬೇಡಿ. ಕಣ್ಣಿನ ಪರೀಕ್ಷೆ ಮಾಡಿಸಿಕೊಂಡೇ ಶುರು ಮಾಡಿರಿ.

ಕಲಿಸುವವರಿಗೆ ನೀವು ಏನು ಕೊಡುತ್ತೀರಿ? ಫೀಸು ಕೊಡುವುದು ಸುಲಭ. ಆದರೆ ಸಾಲದ ಅರ್ಜಿ, ಮಾರಾಟದ ಲೆಕ್ಕ, ಮೇಳಕ್ಕೆ ತುಂಬಬೇಕಾದ ಫಾರಂ ಇವು ನಿಮಗೆ ನೀರು ಕುಡಿದಷ್ಟು ಸುಲಭ, ಕುಶಲಕರ್ಮಿಗಳಿಗೆ ಅರ್ಧ ದಿನದ ದುಡಿಮೆ ಕೆಡಿಸುವ ಕೆಲಸ. ವಾರಕ್ಕೊಂದು ಮಧ್ಯಾಹ್ನ ಅವರ ಕಾಗದಪತ್ರ ನೋಡಿರಿ, ಇನ್ನೊಂದು ಮಧ್ಯಾಹ್ನ ಅವರು ನಿಮ್ಮ ಗೆರೆ ನೋಡಲಿ. ಅಲ್ಲಿ ನೀವು ಗಿರಾಕಿಯಲ್ಲ, ಅವರೂ ದಾನ ಪಡೆಯುವವರಲ್ಲ. ಮಗ ನಗಲಿ. ಮುಂದಿನ ಮದುವೆ ಸೀಸನ್ನಿಗೆ ಉಡುಗೊರೆ ಬೇಕಾದಾಗ ನಿಮ್ಮನ್ನೇ ಕೇಳುತ್ತಾನೆ.

ಪ್ರಶ್ನೆ: ಗ್ರಾಚ್ಯುಟಿ ಹಣ ಬಂದಿದೆ, ಸ್ವಂತ ಮನೆ ಇದೆ. ‘ಹೇಗೂ ನಮಗೇ ಬರುವುದು, ಈಗಲೇ ನಮ್ಮ ಹೆಸರಿಗೆ ಮಾಡಿರಿ, ನಿಶ್ಚಿಂತೆಯಾಗಿ ಭಜನೆ ಮಾಡಿಕೊಂಡಿರಿ’ ಎನ್ನುತ್ತಾರೆ ಮಕ್ಕಳು. ಒಳ್ಳೆಯ ಮಕ್ಕಳೇ. ಮಾಡಲೇ?
— ಹುಮನಾಬಾದ್

ಉತ್ತರ: ಬೇಡ. ಒಳ್ಳೆಯ ಮಕ್ಕಳಾದರೆ ಕಾಯುತ್ತಾರೆ.

ಉಯಿಲು ಬರೆದಿಡಿ, ಅದು ನಿಮ್ಮ ನಂತರ ಜಾರಿಗೆ ಬರುತ್ತದೆ, ಬದುಕಿರುವವರೆಗೆ ಬದಲಿಸಬಹುದು. ಏನೇ ಆದರೂ ಈಗಲೇ ದಾನಪತ್ರ ಮಾಡುತ್ತೇನೆ ಎಂದರೆ, ‘ನಮ್ಮ ಊಟ, ವಸತಿ, ಔಷಧೋಪಚಾರ ನೋಡಿಕೊಳ್ಳಬೇಕು’ ಎಂಬ ಷರತ್ತನ್ನು ಪತ್ರದಲ್ಲೇ ಸ್ಪಷ್ಟವಾಗಿ ಬರೆಸಿರಿ. ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆಯ 23ನೇ ಕಲಮಿನಂತೆ, ಅಂಥ ಷರತ್ತಿದ್ದು ಮಕ್ಕಳು ನಡೆಸಿಕೊಡದಿದ್ದರೆ ನ್ಯಾಯಮಂಡಳಿ ಆ ವರ್ಗಾವಣೆಯನ್ನು ರದ್ದು ಮಾಡಬಹುದು. ನಮ್ಮ ರಾಜ್ಯದಲ್ಲಿ ಉಪವಿಭಾಗಾಧಿಕಾರಿಗಳು ಅದನ್ನು ನಡೆಸುತ್ತಾರೆ. ಬಾಯಿಮಾತಿನ ಷರತ್ತು ಅಲ್ಲಿ ನಿಲ್ಲುವುದು ಕಷ್ಟ. ಹಿರಿಯರ ಸಹಾಯವಾಣಿ 14567, ಕರೆಗೆ ಹಣವಿಲ್ಲ. ಮನೆ ನಿಮ್ಮ ಹೆಸರಿನಲ್ಲೇ ಇದ್ದರೂ ಭಜನೆ ಮಾಡಬಹುದು. ಸ್ವರ ಇನ್ನೂ ಚೆನ್ನಾಗಿ ಬರುತ್ತದೆ.

ಪ್ರಶ್ನೆ: ನನಗೆ ಎಪ್ಪತ್ತನಾಲ್ಕು. ಮಂಡಿ ನೋವು, ಮನೆಯಿಂದ ಆಚೆ ಹೋಗುವುದು ಕಡಿಮೆ. ತಂದೆ ನಿಜಾಮರ ಕಾಲದಲ್ಲಿ ಪಟವಾರಿ (ಊರಿನ ಜಮೀನು ಲೆಕ್ಕ ಬರೆಯುವವರು), ಅವರಿಂದ ಉರ್ದು ಓದು ಕಲಿತೆ. ಕನ್ನಡವೂ ಬರುತ್ತದೆ. ಬೇರೆಯವರ ಕೆಲಸಕ್ಕೆ ಬರುವಂಥದ್ದು ನನ್ನಲ್ಲಿ ಇದೊಂದೇ. ಅದು ಈಗ ಯಾರಿಗೆ ಬೇಕು?
— ಆಳಂದ

ಉತ್ತರ: ಯಾರಿಗೆ ಬೇಡ ಎಂದು ಕೇಳಿರಿ, ಕಾಕಾ. 1948ರ ಸೆಪ್ಟೆಂಬರ್ 17ರವರೆಗೆ ನಮ್ಮ ಕಲಬುರಗಿ, ಯಾದಗಿರಿ, ಬೀದರ್ ಸೀಮೆಯಲ್ಲಿ ನಿಜಾಮರ ಆಳ್ವಿಕೆ, ಸರ್ಕಾರಿ ಭಾಷೆ ಉರ್ದು. ಎಷ್ಟು ಮನೆಗಳ ಟ್ರಂಕಿನಲ್ಲಿ ಅಜ್ಜನ ಕಾಲದ ಕಾಗದಗಳಿವೆಯೋ! ಸಾಲ ತೀರಿಸಿದ ರಸೀದಿಯೋ, ಹೊಲ ಮಾರಿದ ಪತ್ರವೋ, ಯಾವುದೋ ಹಬ್ಬಕ್ಕೆ ಅಕ್ಕ ತಮ್ಮನಿಗೆ ಬರೆಸಿದ ಪತ್ರವೋ, ಮನೆಯವರಿಗೆ ಗೊತ್ತಿಲ್ಲ. ಓದುವವರು ಇಲ್ಲದೆ ಹಾಗೆಯೇ ಮಡಚಿಟ್ಟು ಪೂಜೆ ಮಾಡುತ್ತಾರೆ.

ವಾರದಲ್ಲಿ ಒಂದು ದಿನ ಗೊತ್ತುಮಾಡಿರಿ. ಮಸೀದಿಯ ಹತ್ತಿರ, ಬಸ್ ನಿಲ್ದಾಣದಲ್ಲಿ, ತಹಸೀಲ್ದಾರ್ ಕಚೇರಿಯ ಮುಂದಿನ ಅರ್ಜಿ ಬರೆಯುವವರಲ್ಲಿ ಸುದ್ದಿ ಬಿಟ್ಟರೆ ಸಾಕು, ಜನ ನಿಮ್ಮ ಕಟ್ಟೆಗೆ ಬರುತ್ತಾರೆ, ನಿಮ್ಮ ಮಂಡಿ ಏಳಬೇಕಾಗಿಲ್ಲ. ಕೈ ನಡುಗಿದರೆ ಬರೆಯಬೇಡಿ. ನೀವು ಓದಿ ಕನ್ನಡದಲ್ಲಿ ಹೇಳಿರಿ, ಮೊಮ್ಮಗಳು ಮೊಬೈಲಿನಲ್ಲಿ ಧ್ವನಿ ಹಿಡಿದುಕೊಳ್ಳಲಿ. ಅವಳಿಗೂ ನಾಲ್ಕು ಅಕ್ಷರ ಬಂದರೆ ಇನ್ನೂ ಒಳ್ಳೆಯದು. ಕಾಗದದಲ್ಲಿ ಇದ್ದದ್ದನ್ನಷ್ಟೇ ಹೇಳಿರಿ, ಹೊಲ ಯಾರಿಗೆ ಸೇರಬೇಕೆಂಬ ತೀರ್ಪು ಬೇಡ. ಕೋರ್ಟಿಗೆ ಬೇಕಾದ ಅನುವಾದಕ್ಕೆ ವಕೀಲರ ಕಡೆ ಕಳುಹಿಸಿಬಿಡಿ. ಹಣ ತೆಗೆದುಕೊಳ್ಳುವುದು ಬಿಡುವುದು ನಿಮಗೆ ಬಿಟ್ಟದ್ದು, ಆದರೆ ಒಂದು ಕೆ.ಜಿ. ತೊಗರಿಬೇಳೆ ತಂದವರನ್ನು ವಾಪಸು ಕಳುಹಿಸಬೇಡಿ.

ನಮ್ಮ ಮನೆಯಲ್ಲೂ ಅಂಥದೊಂದು ಕಾಗದ ಇದೆ. ಅಜ್ಜಿ ಅದನ್ನು ಬೆಳ್ಳಿ ಕುಂಕುಮದ ಬಟ್ಟಲಿನ ಕೆಳಗೆ ಇಡುತ್ತಿದ್ದಳು, ಏನೆಂದು ಯಾರೂ ಹೇಳಲಿಲ್ಲ. ಅದರ ನೆರಳಚ್ಚನ್ನು ಪತ್ರಿಕೆಯವರ ಮೂಲಕ ನಿಮ್ಮ ವಿಳಾಸಕ್ಕೆ ಕಳುಹಿಸುತ್ತಿದ್ದೇನೆ. ಯುಗಾದಿಯೊಳಗೆ ಉತ್ತರ ಬೇಕು ಕಾಕಾ, ತಡವಾದರೆ ಫೋನ್ ಮಾಡಿ ಕಾಡುತ್ತೇನೆ.